ಐದರ ಸೈರನ್

ಆ ವರ್ಷಗಳಲ್ಲಿ ಎಲ್ಲರಿಗೂ ಫ್ರಿಜ್ ಬೇಕಾಗಿತ್ತು. ನಮ್ಮ ಕಾರ್ಖಾನೆ ಎಷ್ಟು ಮಾಡಿದರೂ ಸಾಲುತ್ತಿರಲಿಲ್ಲ. ಪೇಪರಿನವರು ಸುವರ್ಣಕಾಲ ಎಂದು ಬರೆದರು. ನಮ್ಮ ಯೂನಿಯನ್ ಅಧ್ಯಕ್ಷರು ಚುನಾವಣೆಗೆ ನಿಂತು ಗೆದ್ದು, ಹಿಂದಿನ ವರ್ಷ ತಾವೇ ಘೇರಾವ್ ಮಾಡಿದ್ದ ಮ್ಯಾನೇಜರ ಪಕ್ಕದಲ್ಲಿ ನಿಂತು ಹೊಸ ಶೆಡ್ಡಿನ ಟೇಪು ಕತ್ತರಿಸಿದರು. ನಾನು ಸೈರನ್ ಒತ್ತುವವನು. ಬೆಳಿಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ ಗುಂಡಿ ಒತ್ತಿ ಪುಸ್ತಕದಲ್ಲಿ ಹೊತ್ತು ಬರೆದರೆ ನನ್ನ ಕೆಲಸ ಮುಗಿಯಿತು. ಇದಕ್ಕೂ ಸಂಬಳ ಕೊಡ್ತಾರಾ ಎಂದು ತಮ್ಮ ರೇಗಿಸುತ್ತಿದ್ದ. ಅವನು ಪ್ರೆಸ್ಸಿನಲ್ಲಿದ್ದ, ತಗಡು ಇಟ್ಟು ಫ್ರಿಜ್ಜಿನ ಬಾಗಿಲು ಒತ್ತಿಸುವ ಕೆಲಸ.

ಒಂದು ದಿನ ಮ್ಯಾನೇಜರು ನನ್ನ ಕೋಣೆಗೇ ಬಂದರು. ಆರ್ಡರ್ ಜಾಸ್ತಿ ಇದೆ, ಸಂಜೆಯದನ್ನು ಏಳು ನಿಮಿಷ ತಡವಾಗಿ ಒತ್ತು, ಪುಸ್ತಕದಲ್ಲಿ ಐದು ಅಂತಲೇ ಬರೆ ಎಂದರು. ಎರಡು ಸಾವಿರ ಜನರ ಏಳು ನಿಮಿಷ. ನಾನು ಗೋಣು ಆಡಿಸಿದೆ. ಅವತ್ತು ಸಂಜೆಯಿಂದಲೇ ಹಾಗೆ ಒತ್ತತೊಡಗಿದೆ.

ಮಷಿನ್ನಿಗೆ ಸಿಕ್ಕಿಕೊಳ್ಳುತ್ತದೆ ಎಂದು ಒಳಗೆ ಯಾರೂ ವಾಚು ಕಟ್ಟುವಂತಿರಲಿಲ್ಲ. ಸಂಜೆ ಗೇಟಿನ ಪೆಟ್ಟಿಗೆಯಿಂದ ತೆಗೆದು ನೋಡಿದರೆ ಎಲ್ಲರ ವಾಚೂ ಏಳು ನಿಮಿಷ ಮುಂದೆ. ಹಿಂದಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಎಂಟರ ಸೈರನ್ ಆದಾಗ ಏಳು ನಿಮಿಷ ಹಿಂದೆ, ಮತ್ತೆ ಮುಂದಕ್ಕೆ. ವಾಚನ್ನು ಬೈದರೇ ಹೊರತು ಸೈರನ್ ಮೇಲೆ ಯಾರೂ ಅನುಮಾನಪಡಲಿಲ್ಲ. ಅನುಮಾನ ಬಂದ ಒಬ್ಬಿಬ್ಬರು ಗೇಟಿನ ಹೊರಗೆ ಕೆಲಸಕ್ಕೆ ನಿಂತ ಸಾಲು ನೋಡಿ ಬಾಯಿ ಮುಚ್ಚಿಕೊಂಡರು. ತಮ್ಮ ತನ್ನ ಹೊಸ ವಾಚನ್ನು ಎರಡು ಸಲ ರಿಪೇರಿಗೆ ಕೊಟ್ಟ, ಅಂಗಡಿಯವನ ಜನ್ಮ ಜಾಲಾಡಿದ. ಎದುರಿಗೆ ಕೂತು ಉಣ್ಣುತ್ತಿದ್ದ ನಾನು, ಈಗಿನ ಮಾಲೇ ಹಾಗೆ ಕಣೋ ಎಂದೆ.

ಇದು ಶುರುವಾದ ಎಂಟನೇ ತಿಂಗಳು ಅವನ ಬಲಗೈಯ ನಾಲ್ಕು ಬೆರಳು ಪ್ರೆಸ್ಸಿಗೆ ಸಿಕ್ಕಿದವು. ಕಾರ್ಖಾನೆಯ ನರ್ಸಮ್ಮ ಔಷಧಿ ಕೋಣೆಯ ಗೋಡೆ ಗಡಿಯಾರ ನೋಡಿ, ಐದು ಗಂಟೆ ನಾಲ್ಕು ನಿಮಿಷಕ್ಕೆ ತಂದರು ಎಂದು ಬರೆದುಕೊಂಡರು. ನಾನು ಆಗಿನ್ನೂ ಗುಂಡಿಯ ಮುಂದೆ ಕಾಯುತ್ತಿದ್ದೆ. ಅವನನ್ನು ಹೊತ್ತುಕೊಂಡು ಹೋಗುವುದು ಕಿಟಕಿಯಿಂದ ಕಂಡಿತು. ಏಳು ನಿಮಿಷ ತುಂಬುವವರೆಗೆ ಕೂತಿದ್ದು ಒತ್ತಿದೆ. ಪುಸ್ತಕದಲ್ಲಿ ಐದು ಎಂದು ಬರೆದೆ.

ಪಾಳಿ ಐದಕ್ಕೇ ಮುಗಿದಿದೆ, ಆಮೇಲೆ ಮಷಿನ್ ಮುಟ್ಟಿದ್ದು ಅವನದೇ ತಪ್ಪು ಎಂದು ಕಂಪನಿ ಹೇಳಿತು. ಪರಿಹಾರವೂ ಇಲ್ಲ, ಬೇರೆ ಕೆಲಸವೂ ಇಲ್ಲ. ಜೊತೆಯಲ್ಲಿದ್ದವರು ಆ ಗದ್ದಲದಲ್ಲಿ ಸೈರನ್ ಯಾವಾಗ ಆಯಿತೋ ಗೊತ್ತಾಗಲಿಲ್ಲ ಎಂದು ಜಾರಿಕೊಂಡರು. ಉಳಿದ ಸಾಕ್ಷಿ ನಾನೊಬ್ಬನೇ.

ವಿಚಾರಣೆಯ ದಿನ ಬೆಳಿಗ್ಗೆ ತಮ್ಮ ನನ್ನ ಪಕ್ಕ ಬಂದು ಕೂತ.

"ಅಣ್ಣಾ, ನನ್ನ ವಾಚು ಸರಿಯಾಗೇ ಇತ್ತು, ಅಲ್ವಾ? ಅವತ್ತು ಎಷ್ಟಕ್ಕೆ ಒತ್ತಿದೆ ಅಂತ ಒಂದು ಮಾತು ಹೇಳಿಬಿಡು. ಇನ್ನೇನೂ ಕೇಳಲ್ಲ."

ಹೂಂ ಎಂದೆ. ಹೇಳಬೇಕೆಂದೇ ಇದ್ದೆ.

ವಿಚಾರಣೆ ಕಾರ್ಖಾನೆಯ ಆಫೀಸಿನಲ್ಲೇ. ಕಾರ್ಮಿಕ ಇಲಾಖೆಯ ಅಧಿಕಾರಿಯ ಒಂದು ಪಕ್ಕ ಮ್ಯಾನೇಜರು, ಇನ್ನೊಂದು ಪಕ್ಕ ನಮ್ಮ ಅಧ್ಯಕ್ಷರು. ಅಧ್ಯಕ್ಷರು ಕಿಟಕಿಯಾಚೆ ನೋಡುತ್ತಿದ್ದರು. ನಾವು ಅಣ್ಣತಮ್ಮಂದಿರು ಸಂಸಾರ ಸಮೇತ ಇದ್ದದ್ದು ನನ್ನ ಹೆಸರಿಗೆ ಕೊಟ್ಟಿದ್ದ ಕಂಪನಿ ಕ್ವಾರ್ಟರ್ಸಿನಲ್ಲಿ. ಅದು ನೆನಪಾಯಿತು. ನೆನಪಾಗದಿದ್ದರೂ ಬೇರೆ ಹೇಳುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

"ಐದಕ್ಕೆ ಒತ್ತಿದೆ ಸಾರ್. ಪುಸ್ತಕದಲ್ಲಿದೆ."

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಜೋಮು ಹಿಡಿದ ಕಾಲಿನ ಮೇಲೆ ನಿಂತ ಹಾಗಿತ್ತು, ಅಷ್ಟೇ.

ಹೊರಗೆ ಬರುವಾಗ ಸಂಜೆಯ ಸೈರನ್ ಕೂಗಿತು. ನನ್ನ ಬದಲಿಗೆ ಕೂತವನು ಒತ್ತಿದ್ದ. ಗೇಟಿನಲ್ಲಿ ಜನ ನಿಂತು ನಿಂತು ವಾಚು ತಿರುಗಿಸಿಕೊಳ್ಳುತ್ತಿದ್ದರು. ತಮ್ಮ ಎಡಗೈಯಲ್ಲಿ ಜೇಬಿನಿಂದ ತನ್ನ ವಾಚು ತೆಗೆದು ನನ್ನತ್ತ ಚಾಚಿದ.

"ಒಂದೇ ಕೈಲಿ ತಿರುಗಿಸೋಕಾಗಲ್ಲ. ನೀನೇ ಇಟ್ಟುಕೊಡು."

ಎಷ್ಟಕ್ಕೆ ಇಡಲಿ ಎಂದೆ.

"ನೀನು ಬರೆದಷ್ಟಕ್ಕೇ ಇಡು."

ವಾಚಿನಲ್ಲಿ ಐದು ಗಂಟೆ ಏಳು ನಿಮಿಷವಾಗಿತ್ತು. ಹಿಂದಕ್ಕೆ ತಿರುಗಿಸಿ, ಐದಕ್ಕೆ ಇಟ್ಟು, ಅವನ ಕೈಗೆ ಕೊಟ್ಟೆ.