ಇಂಚಿಗೊಂದು ಮೈಲಿ, ಮೈಲಿಗೊಂದು ದೇವರು

ಸಮಸ್ತ ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನನ್ನ ಎಡಗಡೆಯ ಕೆಳಮೂಲೆಯನ್ನು ಇಲಿ ತಿಂದಿದೆ. ಸದರಿ ದುರ್ಘಟನೆಯಲ್ಲಿ ಎರಡು ಹಳ್ಳಿ, ಒಂದು ಕೆರೆ ಮತ್ತು ಅರ್ಧ ಗುಡ್ಡ ಕಾಣೆಯಾಗಿವೆ. ಪ್ರಾಣಹಾನಿ ಆಗಿಲ್ಲ. ಆ ಹಳ್ಳಿಗಳ ಜನ ಎಂದಿನಂತೆ ಎದ್ದು, ರೊಟ್ಟಿ ತಿಂದು, ಹೊಲಕ್ಕೆ ಹೋಗಿದ್ದಾರೆಂದು ತಿಳಿದುಬಂದಿದೆ. ಇಲಿಗೆ ಮಾತ್ರ ಹೊಟ್ಟೆ ಕೆಟ್ಟಿದೆಯಂತೆ. ಗುಡ್ಡ ಅರಗಿಸಿಕೊಳ್ಳೋದು ಅಂದ್ರೆ ಹುಡುಗಾಟವೇ?

ನಾನೊಂದು ನಕ್ಷೆ. ಶಾಲೆ ಗೋಡೆ ಮೇಲೆ ನೇತಾಡೋ ದೇಶದ ನಕ್ಷೆ ಅಲ್ಲ. ಅದು ದೊಡ್ಡವರ ಮಾತು. ನಾನು ಟೋಪೋ ಶೀಟು. ಗದಗಿನ ಸುತ್ತಲ ಸೀಮೆಯ ಹಳ್ಳ, ದಿಬ್ಬ, ಬಾವಿ, ಬಂಡಿದಾರಿ, ಗುಡಿ, ಕೊನೆಗೆ ಹೊಲದ ನಡುವಿನ ಒಂಟಿ ಬೇವಿನಮರದ ತನಕ ಎಲ್ಲಾ ನನ್ನ ಮೈಮೇಲಿವೆ. ಬ್ರಿಟಿಷರ ಕಾಲದಲ್ಲಿ ಬಿಸಿಲಲ್ಲಿ ಸರಪಳಿ ಎಳೆದು ನನ್ನನ್ನು ಅಳೆದರು, ದೂರದ ಡೆಹ್ರಾಡೂನಿನಲ್ಲಿ ಅಚ್ಚು ಹಾಕಿದರು. ನೀರಿಗೆ ನೀಲಿ, ಗುಡ್ಡಕ್ಕೆ ಕಂದು, ದಾರಿಗೆ ಕೆಂಪು. ನನ್ನಲ್ಲಿ ಮಡಿಯೂ ಉಂಟು, ಮೈಲಿಗೆಯೂ ಉಂಟು. ಮಡಿಕೆ ಮಡಿಕೆಯಾಗಿ ಮಡಚಿಟ್ಟಿದ್ದಾರೆ, ಮೈಲಿಗೆ ಒಂದಿಂಚು ಅಂತ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಾರೆ.

ಒಂದು ಕೊರತೆ ಮಾತ್ರ ಹುಟ್ಟಿನಿಂದ ಬಂತು. ನನ್ನ ಬಾಯಿಗೆ 'ಳ' ಬರೋದಿಲ್ಲ. ಇಂಗ್ಲಿಷಿನಲ್ಲಿ ಹುಟ್ಟಿದವರ ಹಣೆಬರಹ ಅದು. ಹಳ್ಳವೂ ಹಲ್ಲ, ಕಳ್ಳರೂ ಕಲ್ಲರು. ಎಷ್ಟೋ ಊರಿನವರು ನನ್ನ ಮೇಲೆ ತಮ್ಮ ಊರಿನ ಹೆಸರು ಓದಿ, ತಮಗೆ ಸಂಬಂಧವೇ ಇಲ್ಲ ಅಂತ ಎದ್ದುಹೋಗಿದ್ದಾರೆ.

ಮೊದಲು ನಾನು ಒಬ್ಬ ಎಂಜಿನಿಯರ್ ಸಾಹೇಬರ ಮೇಜಿನ ಮೇಲಿದ್ದೆ. ಅವರಿಗೆ ನಾನು ನಕ್ಷೆಗಿಂತ ಹೆಚ್ಚಾಗಿ ಮೇಜುಬಟ್ಟೆ. ಒಂದು ದಿನ ಅವರು ಚಹಾದ ಕಪ್ಪು ಇಟ್ಟು ಎದ್ದರು, ನನ್ನ ನಡುಮಧ್ಯೆ ದುಂಡಗೆ ಕಂದು ಉಂಗುರ ಮೂಡಿತು. ಅವರ ನಂತರ ಬಂದವರು ಅದನ್ನು ಮಂಜೂರಾದ ಕೆರೆ ಅಂತ ತಿಳಿದು, ಎರಡು ವರ್ಷ ಅದಕ್ಕೆ ನೀರು ಎಲ್ಲಿಂದ ತರೋದು ಅಂತ ತಲೆ ಕೆಡಿಸಿಕೊಂಡರು. ಚಹಾಪುಡಿಯಲ್ಲಿ ಹುಟ್ಟಿದ ಕೆರೆ ಕಾಗದದಲ್ಲೇ ಬತ್ತಿತು. ಆಮೇಲೆ ಕಪಾಟು, ಕಪಾಟಿನಿಂದ ಹರಾಜು, ಹರಾಜಿನಿಂದ ರದ್ದಿ ಅಂಗಡಿ. ಇಡೀ ಸೀಮೆಯನ್ನು ಹೊತ್ತವನು ತಕ್ಕಡಿಯಲ್ಲಿ ಕೂತಾಗ ಒಂದು ಹಿಡಿ ಕಡಲೆಬೀಜಕ್ಕಿಂತ ಹಗುರ ಅಂತ ಗೊತ್ತಾಯ್ತು.

ರದ್ದಿಯಿಂದ ನನ್ನನ್ನು ತಂದವಳು ನೀಲಗಂಗವ್ವ. ಗದಗಿನಲ್ಲಿ ಕುಪ್ಪಸ ಹೊಲಿಯೋಳು. ಅಳತೆಯಲ್ಲಿ ಗಟ್ಟಿಗಿತ್ತಿ. ದಾರಿಯಲ್ಲಿ ಹೋಗೋರನ್ನು ಕಣ್ಣಲ್ಲೇ ಅಳೆದು, "ಈಕಿ ಕಳೆದ ಪಂಚಮಿಗಿಂತ ಒಂದಿಂಚು ಹಿಗ್ಗ್ಯಾಳ" ಅನ್ನೋಳು. ಅವಳ ಗಂಡ ಫಕ್ಕೀರಪ್ಪ ಬಸ್ ಕಂಡಕ್ಟರ್. ಬಸ್ಸಿನಲ್ಲಿ ಎಲ್ಲರಿಗೂ ಮುಂದೆ ಹೋಗ್ರಿ ಅಂತ ಗದರೋನು, ಮನೆಯಲ್ಲಿ ತಾನೇ ಹಿಂದೆ ನಿಂತಿರೋನು. ಒಬ್ಬಳೇ ಮಗಳು ದಾನಮ್ಮ.

ನೀಲಗಂಗವ್ವನಿಗೆ ನಾನು ಬೇಕಾಗಿದ್ದು ಕುಪ್ಪಸದ ತೋಳಿನ ಅಳತೆಗೆ ಕಾಗದ ಕತ್ತರಿಸೋದಕ್ಕೆ. ನನ್ನನ್ನು ಹಾಸಿದಳು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ಕತ್ತರಿ ಇಟ್ಟಳು. ರೈಲ್ವೆ ಗೇಟು ದಾಟಿ, ಹಳ್ಳ ದಾಟಿ ಕತ್ತರಿ ಬಂತು. ಇನ್ನೇನು ಚಹಾದ ಕೆರೆಗೆ ಬೀಳಬೇಕು, ಗಕ್ಕನೆ ನಿಂತಿತು.

"ಏನ್ರೀ, ಇಲ್ಲಿ ಬರ್ರಿ. ಇದು ನಮ್ಮ ದಾನವ್ವನ ಸರ್ಟಿಫಿಕೇಟಿನ್ಯಾಗಿನ ಹೆಸರ ಅಲ್ಲೇನು?"

ಅವಳಿಗೆ ಇಂಗ್ಲಿಷ್ ಬರೋದಿಲ್ಲ. ಆದರೆ ಮಗಳ ಸರ್ಟಿಫಿಕೇಟಿನಲ್ಲಿ ಮನೆತನದ ಹೆಸರು ಹೇಗೆ ಕಾಣುತ್ತೆ ಅನ್ನೋದು ಕುಪ್ಪಸದ ಕಸೂತಿಯ ಹಾಗೆ ಕಣ್ಣಲ್ಲಿ ಕೂತಿತ್ತು.

ಫಕ್ಕೀರಪ್ಪ ಕನ್ನಡಕ ಏರಿಸಿದ. "ಎಲ್ಲಿಹಾಲ್."

"ಎಲ್ಲಿಹಾಲ್ ಅಲ್ಲರಿ, ಎಳ್ಳಿಹಾಳ! ನಿಮ್ಮ ಊರು!"

ಇಲ್ಲಿ ಒಂದು ಮಾತು ಹೇಳಬೇಕು. ಈ ಸೀಮೆಯಲ್ಲಿ ಊರಿನ ಹೆಸರೇ ಮನೆತನದ ಅಡ್ಡಹೆಸರು. ಫಕ್ಕೀರಪ್ಪ ಎಳ್ಳಿಹಾಳ ಅಂದರೆ ಅವರ ಹಿರಿಯರು ಎಳ್ಳಿಹಾಳದವರು ಅಂತ ಅರ್ಥ. ಆದರೆ ಆ ಊರು ಎಲ್ಲಿದೆ ಅನ್ನೋದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪ್ಲೇಗಿನ ವರ್ಷ ಜನ ಊರು ಬಿಟ್ಟರಂತೆ, ಹೆಸರು ಮಾತ್ರ ಬೆನ್ನಿಗೆ ಕಟ್ಟಿಕೊಂಡು ಬಂದರಂತೆ. ಊರಿನ ಜೊತೆ ಅಲ್ಲಿದ್ದ ಮನೆದೇವರೂ ತಪ್ಪಿಹೋದ. ಅಂದಿನಿಂದ ಮನೆಯ ಶುಭಕಾರ್ಯಕ್ಕೆಲ್ಲ ಓಣಿಯ ಹಣಮಪ್ಪನೇ ಎರವಲು ದೇವರು.

ಈ ಎರವಲು ಈಗ ಸಿಕ್ಕಿಬಿದ್ದಿತ್ತು. ದಾನಮ್ಮನಿಗೆ ಬೂದಿಕೊಪ್ಪದ ಅಡಿವೆಪ್ಪನ ಮಗನ ಜೊತೆ ಸಂಬಂಧ ಕುದುರಿತ್ತು. ಹುಡುಗ ಒಪ್ಪಿದ್ದ, ಹುಡುಗಿಯೂ ಒಪ್ಪಿದ್ದಳು, ಪತ್ರಿಕೆಯೂ ಅಚ್ಚಾಗಿತ್ತು. ಅಡಿವೆಪ್ಪ ಮಾತ್ರ ಮಾತಿನ ಮನುಷ್ಯ, ಅದರಲ್ಲೂ ಅಡ್ಡಮಾತಿನ ಮನುಷ್ಯ.

"ಬೀಗ್ರ, ಮೊದಲನೇ ಲಗ್ನಪತ್ರಿಕೆ ಯಾರ ಮುಂದ ಇಡತೀರಿ?" ಅಂತ ಚಹಾ ಕುಡೀತಾ ಕೇಳಿದ್ದ.

"ಇಲ್ಲೇ, ಓಣಿ ಹಣಮಪ್ಪನ ಮುಂದ," ಅಂದಿದ್ದ ಫಕ್ಕೀರಪ್ಪ.

"ಮೊದಲನೇ ಪತ್ರಿಕೆ ಯಾರಿಗೆ ಹೋಗತೈತೋ ಅವನೇ ಮನಿದೇವರು. ಹಣಮಪ್ಪ ಇಡೀ ಓಣಿಗೆ ದೇವರು, ನಿಮಗೊಬ್ಬರಿಗ ಅಲ್ಲ. ನಮ್ಮ ಬೂದಿಕೊಪ್ಪಕ್ಕ ಬಸ್ ಐತಿ, ಬಸ್ಸಿಗೆ ಬೋರ್ಡ್ ಐತಿ. ನಿಮ್ಮ ಎಳ್ಳಿಹಾಳ ಎಲ್ಲೈತ್ರಿ? ಹೆಸರಿನ್ಯಾಗ 'ಎಲ್ಲಿ' ಅಂದಂಗ ಐತಿ, ಮುಂದ 'ಹಾಳ' ಐತಿ. ಮನಿದೇವರು ಸಿಗೋತನಕ ಲಗ್ನದ ಅಕ್ಕಿಕಾಳಿನ ಮಾತು ಬ್ಯಾಡ."

ಹೀಗಾಗಿ ದಾನಮ್ಮನ ಮದುವೆ ಒಂದು ಊರಿನ ಮೇಲೆ ನಿಂತಿತ್ತು, ಆ ಊರು ನನ್ನ ಮೇಲೆ ನಿಂತಿತ್ತು.

ನೀಲಗಂಗವ್ವ ನನ್ನ ಹತ್ತಿರ ಬಗ್ಗಿದಳು. ಎಳ್ಳಿಹಾಳದ ಹೆಸರಿನ ಮುಂದೆ ಕಂಸದಲ್ಲಿ ಇನ್ನೊಂದು ಸಣ್ಣ ಪದ, ಪಕ್ಕದಲ್ಲಿ ಇರುವೆಯಷ್ಟು ಗುಡಿಯ ಗುರುತು. ಫಕ್ಕೀರಪ್ಪ ಆ ಪದ ಬಿಡಿಸಿ ಹೇಳಿದ. "ಜನಾ ಇಲ್ಲದ ಊರು ಅಂತ. ತಹಶೀಲ್ ಕಚೇರಿ ಮಂದಿ ಬೇಚಿರಾಕ್ ಅಂತಾರಲ್ಲ, ದೀಪ ಹಚ್ಚೋರಿಲ್ಲದ್ದು."

"ಜನಾ ಇಲ್ಲದಿದ್ರ ಏನಾತು, ದೇವ್ರು ಅದಾನಲ್ಲ. ಬರೇ ಪತ್ರಿಕೆ ಇಟ್ಟು ಬರೂದಲ್ಲ. ನಿಮ್ಮ ಮನೆತನದವ್ರನ್ನೆಲ್ಲ ಕರೀರಿ. ಹೋಳಿಗಿ ಮಾಡೂಣು, ದೀಪ ಹಚ್ಚೂಣು. ವರ್ಷಾ ವರ್ಷಾ ಪರ್ವ ಮಾಡೂಣು. ಬೀಗರ್ನೂ ಕರೀರಿ. ಅವರ ಕಣ್ಮುಂದ ಆಗಲಿ."

ನಾನು ಉಬ್ಬಿಹೋದೆ. ಆದರೆ ನನಗಿಂತ ಜಾಸ್ತಿ ಉಬ್ಬಿದವನು ಇನ್ನೊಬ್ಬ ಹುಟ್ಟಿದ. ನನ್ನನ್ನು ಹೊಲದಲ್ಲಿ ಬಿಚ್ಚಿದರೆ ಹರಿದೀನು ಅಂತ ಫಕ್ಕೀರಪ್ಪ ನನ್ನನ್ನು ಝೆರಾಕ್ಸ್ ಅಂಗಡಿಗೆ ಒಯ್ದ. ಅಂಗಡಿಯವನು ಕನಿಕರದ ಮನುಷ್ಯ. "ಅಕ್ಷರ ಭಾಳ ಸಣ್ಣ ಅದಾವ್ರಿ, ಚಲೋತ್ನಂಗ ಕಾಣೂವಂಗ ಮಾಡಿಕೊಡ್ತೀನಿ," ಅಂದ. ನನ್ನ ಹೊಟ್ಟೆಯಿಂದ ನನ್ನ ಮರಿ ಬಂತು. ಬಣ್ಣ ಇಲ್ಲ, ಆದರೆ ಮೈಕಟ್ಟು ನೋಡಬೇಕು! ಹಳ್ಳ ಹೊಳೆಯಂತಿತ್ತು, ದಿಬ್ಬ ಗುಡ್ಡದಂತಿತ್ತು. ನಾನು ನಕ್ಷೆ, ಅದು ನಕಲು. ಲೋಕದಲ್ಲಿ ನಕಲೇ ಸದಾ ದಪ್ಪ.

ನೀಲಗಂಗವ್ವ ಟೇಪು ತೆಗೆದಳು. ರೈಲ್ವೆ ಗೇಟಿನಿಂದ ಬಂಡಿದಾರಿಗುಂಟ ಟೇಪನ್ನು ಬಗ್ಗಿಸಿ ಬಗ್ಗಿಸಿ, ಕತ್ತಿನ ಸುತ್ತಳತೆ ತೆಗೆಯೋ ಹಾಗೆ ನಕಲಿನ ಮೇಲೆ ಅಳೆದಳು. "ನಾಲ್ಕೂವರಿ ಇಂಚು. ಅಂಚಿನ್ಯಾಗ ಏನ್ ಬರದಾರ ಓದ್ರಿ."

"ಇಂಚಿಗೊಂದು ಮೈಲಿ."

"ಅಂದ್ರ ನಾಲ್ಕೂವರಿ ಮೈಲಿ."

"ಏಳು ಕಿಲೋಮೀಟರ್ ಚಿಲ್ಲರ," ಅಂದ ಫಕ್ಕೀರಪ್ಪ. ಚಿಲ್ಲರೆ ವಿಷಯದಲ್ಲಿ ಕಂಡಕ್ಟರು ತಪ್ಪೋದಿಲ್ಲ.

ಭಾನುವಾರ ಎರಡು ಟ್ರ್ಯಾಕ್ಟರ್ ತುಂಬ ಎಳ್ಳಿಹಾಳದವರು ಹೊರಟರು. ಪೂಜೆಗೆ ಗುರುಪಾದಯ್ಯನವರು, ಅಡುಗೆಗೆ ಹಂಡೆ, ಸಾಕ್ಷಿಗೆ ಪ್ಲಾಸ್ಟಿಕ್ ಚೀಲದಲ್ಲಿ ನಾನು. ಮುಂದೆ ಅಡಿವೆಪ್ಪನ ಮೋಟರ್ ಸೈಕಲ್, ಯಾಕಂದ್ರೆ ಅದರ ಮೀಟರು ನಡೀತಿತ್ತು. ರೈಲ್ವೆ ಗೇಟು ದಾಟಿದ ಮೇಲೆ ಕಿಲೋಮೀಟರಿಗೊಮ್ಮೆ ಅವನು ಕೈ ಎತ್ತಿ ಸಾರುತ್ತಿದ್ದ.

ಐದು ಅಂತ ಸಾರಿದ ಜಾಗದಲ್ಲಿ ಒಂದು ದಿಬ್ಬ ಬಂತು. ಜಾಲಿ ಪೊದೆ, ಒಡೆದ ಗಡಿಗೆಯ ಚೂರು, ಹೂಳು ತುಂಬಿದ ಒಂದು ಬಾವಿ.

"ಇಲ್ಲೇ ಸ್ವಲ್ಪ ನಿಂತು ನೀರು ಕುಡಿಯೋಣೇನು?" ಅಂದ ಫಕ್ಕೀರಪ್ಪ. "ಏನೋ ಹಳೇ ಜಾಗ ಕಂಡಂಗ ಐತಿ."

"ನಿಮ್ಮ ಬಸ್ಸೇನಿದು, ಕಂಡಕಂಡಲ್ಲಿ ನಿಲ್ಲಾಕ? ಇನ್ನೂ ಎರಡು ಕಿಲೋಮೀಟರ್ ಐತಿ, ನಡೀರಿ," ಅಂದಳು ನೀಲಗಂಗವ್ವ.

ಏಳು ದಾಟಿ ಸ್ವಲ್ಪಕ್ಕೇ ಜೋಳದ ಕೂಳೆಯ ನಡುವೆ ಒಂದು ಕಲ್ಲು ನಿಂತಿತ್ತು. ಮೊಣಕಾಲೆತ್ತರ, ಉಳಿ ಮುಟ್ಟಿದ ಕಲ್ಲು. ಗುಡಿ ಇರಲಿಲ್ಲ. "ಗುಡಿ ಬಿದ್ದಿರತೈತಿ, ಕಲ್ಲು ಉಳದೈತಿ," ಅಂದರು ಹಿರಿಯರು. ನೀಲಗಂಗವ್ವ ಟ್ರ್ಯಾಕ್ಟರಿನಿಂದ ಇಳಿದವಳೇ ಸೆರಗಿನಿಂದ ಕಲ್ಲಿನ ಧೂಳು ಒರೆಸಿದಳು. ಮದುವೆಯಾಗಿ ಬಂದಾಗಿನಿಂದ 'ದೇವರಿಲ್ಲದ ಮನಿಯಾಕಿ' ಅನ್ನಿಸಿಕೊಂಡವಳು, ತಂದಿದ್ದ ಕುಂಕುಮವನ್ನೆಲ್ಲ ಕಲ್ಲಿಗೆ ಬಳಿದುಬಿಟ್ಟಳು. ದೀಪ ಹಚ್ಚಿದರು, ಹೋಳಿಗೆಯ ಎಡೆ ಹಿಡಿದರು. ಗುರುಪಾದಯ್ಯನವರು ಮಂತ್ರ ಹೇಳಿ ಮೊದಲನೇ ಲಗ್ನಪತ್ರಿಕೆ ಕಲ್ಲಿನ ಮುಂದಿಟ್ಟರು. ಅಡಿವೆಪ್ಪನೂ ಚಪ್ಪಲಿ ಬಿಟ್ಟು ಕೈಮುಗಿದ.

ಅಷ್ಟರಲ್ಲಿ ಹೊಲದವನು ಬಂದ. ಹೆಗಲ ಮೇಲೆ ಟವೆಲ್ಲು, ಮುಖದ ಮೇಲೆ ಆಶ್ಚರ್ಯ.

"ಯಕ್ಕಾ, ಗಡಿಕಲ್ಲಿಗೆ ಯಾಕ ಹೋಳಿಗಿ ತಿನಸಾಕತ್ತೀರಿ?"

"ಏನಂದಿ?"

"ಸರ್ವೇದವ್ರು ಹುಗದ ಗಡಿಕಲ್ಲು ಇದು. ನಮ್ಮಪ್ಪನ ಕೈಲೇ ಕುಣಿ ತೋಡಸಿದ್ರು. ಹಾಳೂರಿನ ಗುಡಿ ಬೇಕಾದ್ರ ಹಿಂದ ಉಳೀತಲ್ಲ, ಆ ಬಾವಿ ಇರೋ ದಿಬ್ಬದ ಮ್ಯಾಲ."

ನೀಲಗಂಗವ್ವ ನನ್ನನ್ನು ಚೀಲದಿಂದ ಎಳೆದು ಹಂಡೆಯ ಮುಚ್ಚಳದ ಮೇಲೆ ಹಾಸಿದಳು. ಟೇಪು ಇಟ್ಟಳು. ನನ್ನ ಮೇಲೆ ಮೂರಿಂಚು. ನಕಲಿನ ಮೇಲೆ ನಾಲ್ಕೂವರೆ. ಎರಡರ ಅಂಚಿನಲ್ಲೂ ಅದೇ ಸಾಲು, ಇಂಚಿಗೊಂದು ಮೈಲಿ. ಅವಳಿಗೆ ಯಾರೂ ವಿವರಿಸಬೇಕಾಗಲಿಲ್ಲ. ಒದ್ದೆ ಮಾಡಿದರೆ ಹಿಗ್ಗೋ ಬಟ್ಟೆ ಎಷ್ಟು ನೋಡಿದ್ದಳೋ!

"ಕಾಗದ ಹಿಗ್ಗೈತ್ರಿ," ಅಂದಳು. "ಮೈಲಿ ಹಿಗ್ಗಿಲ್ಲ."

ಹೆಂಡತಿಯ ಅಳತೆ ತಪ್ಪಿದ್ದನ್ನು ಮೊದಲ ಸಲ ನೋಡಿದ ಫಕ್ಕೀರಪ್ಪ ಖುಷಿಪಡೋದೋ ಅಳೋದೋ ತಿಳಿಯದೆ ಕೆಮ್ಮಿದ. ಹಿರಿಯರು ಹಂಡೆ ಎತ್ತಿದರು. "ಆತು, ದಿಬ್ಬಕ್ಕ ನಡೀರಿ. ಪತ್ರಿಕೆ ಅಲ್ಲಿಟ್ರಾತು."

"ತಡೀರಿ," ಅಂದರು ಗುರುಪಾದಯ್ಯನವರು. "ಮೊದಲನೇ ಪತ್ರಿಕೆ ಇಲ್ಲಿ ಇಟ್ಟಾತಲ್ಲ. ಅಲ್ಲಿ ಇಡೂದು ಎರಡನೇದು ಆಗತೈತಿ."

"ಇದನ್ನ ಎತ್ತಿ ಅಲ್ಲಿ ಇಡ್ರಿ."

"ಒಬ್ಬರಿಗೆ ಕೊಟ್ಟಿದ್ದು ಇನ್ನೊಬ್ಬರಿಗೆ ಕೊಡತಾರೇನು? ಎಂಜಲಾತದು."

ಎಲ್ಲರೂ ಅಡಿವೆಪ್ಪನ ಕಡೆ ನೋಡಿದರು. ಅಡಿವೆಪ್ಪ ಗಂಟಲು ಸರಿಮಾಡಿಕೊಂಡ. ಮೀಸೆಯ ಕೆಳಗೆ 'ಅಕ್ಕಿಕಾಳು ಬ್ಯಾಡ' ಅನ್ನೋ ಮಾತು ತಯಾರಾಗಿ ಕೂತಿದ್ದು ನನಗೇ ಕಾಣಿಸಿತು. ಅದು ಹೊರಗೆ ಬರೋ ಮೊದಲೇ ದಾನಮ್ಮ ಟ್ರ್ಯಾಕ್ಟರಿನ ಮೇಲಿಂದ ಕೇಳಿದಳು:

"ಮಾವಾರ, ಮೊದಲನೇ ಪತ್ರಿಕೆ ಯಾರಿಗೆ ಹೋಗತೈತೋ ಅವನೇ ಮನಿದೇವರು ಅಂದವ್ರು ನೀವೇ ಅಲ್ಲೇನ್ರಿ?"

"ಅಂದಿದ್ದೆ. ಅಂದ್ರ..."

"ಹಂಗಾದ್ರ ಈ ಕಲ್ಲೇ ನಮ್ಮ ಮನಿದೇವರು. ನೀವೂ ಕೈಮುಗದೀರಿ."

ಅಡಿವೆಪ್ಪ ಕಲ್ಲನ್ನು ನೋಡಿದ, ಕೈಯನ್ನು ನೋಡಿಕೊಂಡ, ಚಪ್ಪಲಿ ಹುಡುಕಿದ. "ಇಂಥಾ ಸೊಸಿ ಬಂದ್ರ ನನಗ ಮನ್ಯಾಗ ಮಾತಾಡಾಕ ಜಾಗಾ ಇರೂದಿಲ್ಲ," ಅಂದ. ಅಲ್ಲಿಗೆ ಮದುವೆ ನಿಕ್ಕಿಯಾಯ್ತು. ಗಡಿಕಲ್ಲು ಒಂದು ಮಧ್ಯಾಹ್ನದಲ್ಲಿ ದೇವರಾಯ್ತು. ಹೊಲದವನಿಗೆ ಎರಡು ಹೋಳಿಗೆ ಸಿಕ್ಕಿತು.

ನನ್ನ ಈಗಿನ ವಾಸ ಹೊಲಿಗೆ ಅಂಗಡಿಯ ಕಪಾಟಿನ ನೆತ್ತಿ. ಕತ್ತರಿ ನನ್ನ ತಂಟೆಗೆ ಬರೋದಿಲ್ಲ. ವಯಸ್ಸಾದ ಮೇಲೆ ಒಂದು ಸಂಗತಿ ತಿಳಿದಿದೆ. ಜನ ಊರು ಎಲ್ಲಿದೆ ಅಂತ ನನ್ನನ್ನು ಕೇಳುತ್ತಾರೆ, ನಾನು ಹೇಳುತ್ತೇನೆ. ಹೋಗಿ ಮುಟ್ಟೋದಕ್ಕೆ ಏನೇನು ಬೇಕು ಅನ್ನೋದು ನನ್ನ ಮೈಮೇಲೆ ಎಲ್ಲೂ ಬರೆದಿಲ್ಲ.

ಯಾಕೆ ಹೇಳಿದೆ ಅಂದ್ರೆ, ಅವತ್ತು ವಾಪಸು ಬರುವಾಗ ದಿಬ್ಬದ ಹತ್ತಿರ ನೀಲಗಂಗವ್ವ ಟ್ರ್ಯಾಕ್ಟರ್ ನಿಲ್ಲಿಸಿದಳು. ಎಲ್ಲರೂ ಕೂತೇ ಇದ್ದರು. ಅವಳು ನನ್ನನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬಳೇ ಜಾಲಿ ಸರಿಸಿ ಹತ್ತಿದಳು. ಮೇಲೆ ಗೋಡೆ ಇರಲಿಲ್ಲ, ಸೂರಿರಲಿಲ್ಲ. ಸವೆದು ನುಣ್ಣಗಾದ ಒಂದು ಲಿಂಗ ಮಾತ್ರ, ಅದರ ತಲೆಯ ಮೇಲೆ ಒಂದು ಓತಿಕ್ಯಾತ. ಪತ್ರಿಕೆ ಇಲ್ಲದಿದ್ದರೇನು, ಬಾಯಿ ಇದೆಯಲ್ಲ ಅನ್ನೋ ಧೈರ್ಯದಲ್ಲಿ ಅವಳು ಸೆರಗು ಹೊದ್ದು ನಿಂತಳು.

"ನಮ್ಮ ದಾನವ್ವನ ಲಗ್ನ ಐತ್ಯಪ್ಪಾ. ನೀ ತಪ್ಪದ ಬರಬೇಕು."

ಕೆಳಗಿನಿಂದ ಗುರುಪಾದಯ್ಯನವರು ಕೂಗಿದರು, "ಯವ್ವಾ, ಕುಂಕುಮ ಹಚ್ಚಿ ಕರದೀ ಇಲ್ಲೋ?"

ಅವಳು ಕುಂಕುಮದ ಡಬ್ಬಿ ತೆರೆದು ನೋಡಿದಳು. ಬೋರಲು ಹಾಕಿ ತಳ ಬಡಿದಳು.

"ತೀರೈತ್ರಿ, ಅಯ್ಯಾರ."

"ಕುಂಕುಮ ಇಲ್ಲದ ಕರದ್ರ ಅದು ಕರೆಯೂದಲ್ಲ ಯವ್ವಾ, ಬರೇ ಸುದ್ದಿ ಹೇಳೂದು."