ಎಣ್ಣೆ ಬಿದ್ದ ಬಾಗಿಲು

ನಮ್ಮ ತಂಡದ ನಾಟಕಗಳಲ್ಲಿ ಮನುಷ್ಯರು ಮಾತಾಡುವುದಿಲ್ಲ. ಮಾತೆಲ್ಲ ಸಾಮಾನುಗಳದ್ದು. ಏಣಿ, ತಗಡಿನ ತೊಟ್ಟಿ, ಮೂರು ಕಾಲಿನ ಕುರ್ಚಿ, ಪೊರಕೆ ಇವುಗಳನ್ನು ಎಳೆದು, ತಟ್ಟಿ, ಉರುಳಿಸಿದಾಗ ಬರುವ ಸದ್ದೇ ಸಂಭಾಷಣೆ. ಆ ಸದ್ದಿಗೆ ತಕ್ಕಂತೆ ನಾವು ನಡೆಯುತ್ತೇವೆ, ಬೀಳುತ್ತೇವೆ, ಕುಣಿಯುತ್ತೇವೆ. ಇದನ್ನು ಮೊದಲ ಸಲ ಕೇಳಿದವರೆಲ್ಲ ನನ್ನ ಮುಖ ನೋಡಿ "ಓಹೋ" ಅನ್ನುತ್ತಾರೆ. ಆ ಓಹೋ ಕೇಳಿ ಕೇಳಿ ನನಗೆ ಸಾಕಾಗಿಹೋಗಿದೆ. ನಮ್ಮ ಮಾವನಂತೂ ಓಹೋ ಕೂಡ ಅಂದವರಲ್ಲ. "ಮನೇಲಿ ಇಷ್ಟು ಮಾತಾಡ್ತೀಯ, ಅಲ್ಲಿ ಹೋಗಿ ಸುಮ್ನಿರ್ತೀಯಾ? ಆ ನಾಟಕ ಇಲ್ಲೇ ಆಡಬಾರದಾ?" ಅಂದಿದ್ದರು. ಅತ್ತೆ ಬಿದ್ದು ಬಿದ್ದು ನಕ್ಕಿದ್ದರು.

ಅತ್ತೆ ಇದ್ದಾಗಿನ ಮಾತು ಅದು. ಮಾವ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವರು. ಅಂಗಿ ಜೇಬಿನಲ್ಲಿ ಯಾವಾಗಲೂ ಉದ್ದ ಮೂತಿಯ ಒಂದು ಪುಟ್ಟ ಎಣ್ಣೆ ಡಬ್ಬಿ. ಕಿರ್ ಅನ್ನುವ ಯಾವುದನ್ನೂ ಅವರು ಸಹಿಸುತ್ತಿರಲಿಲ್ಲ. ನೆಂಟರ ಮನೆಗೆ ಹೋದರೂ ಮೊದಲು ಗೇಟಿಗೆ ಎಣ್ಣೆ, ಆಮೇಲೆ ಕುಶಲ ಪ್ರಶ್ನೆ. ಅತ್ತೆ ತೀರಿಕೊಂಡ ಮೇಲೆ ಆ ಡಬ್ಬಿ ಕಿಟಕಿಯ ಮೇಲೆ ಒಣಗಿ ಕೂತಿತು. ಮಾವನೂ ಅದರ ಪಕ್ಕದಲ್ಲೇ ಕೂತುಬಿಟ್ಟರು. ಅಡುಗೆಮನೆಯ ಬಾಗಿಲು ಕಿರುಗುಟ್ಟತೊಡಗಿತು; ಅವರು ತಲೆ ಎತ್ತಿಯೂ ನೋಡಲಿಲ್ಲ. ಒಮ್ಮೆ ನನ್ನ ಗಂಡ ತಾನೇ ಎಣ್ಣೆ ಹಾಕಲು ಹೋದಾಗ ಕೈ ಹಿಡಿದು ತಡೆದೆ. "ಅದು ಮಾವನ ಕೆಲಸ, ಅವರೇ ಮಾಡ್ಲಿ" ಅಂದೆ. ಅಂದೆನೇನೋ ನಿಜ, ಆದರೆ ದಿನಾ ಆ ಸದ್ದು ಕೇಳಿದಾಗೆಲ್ಲ ಕಿಟಕಿಯ ಕಡೆ ತಿರುಗಿ ನೋಡುತ್ತಿದ್ದೆ.

ಹಾಗಿದ್ದವರು ಹೊಸ ನಾಟಕದ ದಿನ ಮಧ್ಯಾಹ್ನ ತಾವಾಗಿಯೇ ಚಪ್ಪಲಿ ಮೆಟ್ಟಿ "ನಡಿ, ನಾನೂ ಬರ್ತೀನಿ" ಅಂದಾಗ ನನಗೆ ನಂಬಿಕೆಯೇ ಬರಲಿಲ್ಲ. ಮನಸ್ಸು ಬದಲಾಯಿಸಿಬಿಟ್ಟಾರೆಂದು ಹಿಂದೆ ಮುಂದೆ ನೋಡದೆ ಕರೆದುಕೊಂಡು ಹೊರಟೆ.

ಈ ಸಲದ ನಾಟಕಕ್ಕೆ ಒಂದು ಬಾಗಿಲೇ ಜೀವಾಳ. ಗೋಡೆಯಿಲ್ಲ, ಬರೀ ಚೌಕಟ್ಟು ಮತ್ತು ಬಾಗಿಲು. ಯಾರೋ ಕೆಡವಿದ ಮನೆಯಿಂದ ತಂದದ್ದು. ತಳ್ಳಿದರೆ ದಪ್ಪ ದನಿಯಲ್ಲಿ ಶುರುವಾಗಿ, ಸಣ್ಣಗಾಗುತ್ತ ಮೇಲೇರಿ, ಕೊನೆಗೆ ಒಂದು ಬಿಕ್ಕಳಿಕೆ. ನಮ್ಮ ನಿರ್ದೇಶಕಿಯನ್ನು ಎಲ್ಲರೂ ಅಕ್ಕ ಅನ್ನುತ್ತೇವೆ, ಅವಳ ಗಂಡನೂ ಬಾಯಿತಪ್ಪಿ ಅನ್ನುವುದುಂಟು. ಆ ಬಿಕ್ಕಳಿಕೆಯ ಸುತ್ತಲೇ ಅಕ್ಕ ಇಡೀ ನಾಟಕ ಕಟ್ಟಿದ್ದಳು. ಅದರಲ್ಲಿ ಮನೆ ಬಿಟ್ಟು ಹೊರಟ ಹೆಂಗಸು ನಾನು. ಬಾಗಿಲು ತಳ್ಳಿದಾಗೆಲ್ಲ ಬಿಕ್ಕಳಿಕೆ ಬರಬೇಕು, ಅದರ ಮೇಲೆ ತಾಳ ಬೀಳಬೇಕು, ತಾಳ ಬಿದ್ದ ಮೇಲೆ ಉಳಿದವರು ಅಲುಗಬೇಕು. ತಾಳದವನಿಗೆ ಗದ್ದಲ ಎಂದು ಹೆಸರಿಟ್ಟಿದ್ದೇವೆ. ನಮ್ಮಲ್ಲೆಲ್ಲ ಅತಿ ಕಡಿಮೆ ಮಾತಿನ ಪ್ರಾಣಿ ಅವನೇ.

ನಮ್ಮಲ್ಲೊಂದು ಪದ್ಧತಿ ಇದೆ. ಆಟಕ್ಕೆ ಮುಂಚೆ ಒಂದೊಂದೇ ಸಾಮಾನಿನ ಸದ್ದು ಕೇಳಿ, ಸರಿಯಿದ್ದರೆ ಅದಕ್ಕೊಂದು ಬಿಳಿ ದಾರ ಕಟ್ಟುತ್ತೇವೆ. ದಾರ ಕಟ್ಟಿದ ಮೇಲೆ ಆಟ ಶುರುವಾಗುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿದವರಿಗೆ ಅಕ್ಕ ಬೈಯುವುದು ಪಕ್ಕದ ಬೀದಿಗೂ ಕೇಳುತ್ತದೆ.

ಬಾಗಿಲಿಗೆ ದಾರ ಕಟ್ಟಿ, ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತ ಕೂತಿದ್ದೆ. ಮಾವ ಬಂದು ಹಿಂದೆ ನಿಂತರು. ಕಣ್ಣಲ್ಲಿ ಹೊಳಪು.

"ಏನಮ್ಮಾ, ಆ ಬಾಗಿಲು ಅಷ್ಟು ಕಿರುಗುಟ್ತಿತ್ತು, ನಿಮಗ್ಯಾರಿಗೂ ಕೇಳಿಸ್ಲೇ ಇಲ್ವಾ? ಅಷ್ಟು ಜನರ ಮುಂದೆ ನಿನ್ನ ಮರ್ಯಾದೆ ಏನಾಗ್ಬೇಕು? ಎಲ್ಲಾ ಕೀಲುಗಳಿಗೂ ಎಣ್ಣೆ ಹಾಕಿದೀನಿ. ಈಗ ಕಮಕ್ ಕಿಮಕ್ ಅನ್ನಲ್ಲ. ಯಾರೋ ದಾರ ಕಟ್ಟಿದ್ರು, ಬಿಚ್ಚಿ ಮತ್ತೆ ಹಾಗೇ ಕಟ್ಟಿದೀನಿ."

ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದವಳು ಅವರ ಜೇಬು ನೋಡಿದೆ. ಅಲ್ಲಿ ಡಬ್ಬಿ ಇತ್ತು, ಯಾವಾಗ ಎಣ್ಣೆ ತುಂಬಿಸಿಕೊಂಡಿದ್ದರೋ, ಅದರ ಕೆಳಗೆ ಎಣ್ಣೆಯ ಕಲೆ. ಆ ಕಲೆ ತಿಕ್ಕಿ ತಿಕ್ಕಿ ಅತ್ತೆ ಎಷ್ಟು ಗೊಣಗುತ್ತಿದ್ದರು. ಅವರು ಹೋದಮೇಲೆ ಮಾವನ ಅಂಗಿ ಒಂದು ದಿನವೂ ಕೊಳೆಯಾಗಿರಲಿಲ್ಲ.

"ಒಳ್ಳೇದಾಯ್ತು ಮಾವ" ಅಂದೆ.

ಅವರು ಅತ್ತ ಹೋದದ್ದೇ ಅಕ್ಕನಿಗೆ ಹೇಳಿದೆ. ಅವಳು ಬಾಗಿಲನ್ನು ತಳ್ಳಿ ನೋಡಿದಳು. ಉಸಿರಿಲ್ಲ. ಬಟ್ಟೆಯಿಂದ ಒರೆಸಿದೆವು, ಸೀಮೆಸುಣ್ಣದ ಪುಡಿ ತುಂಬಿದೆವು; ಮೊದಲಿಗಿಂತ ನುಣ್ಣಗೆ ತಿರುಗಿತು.

"ನಿಮ್ಮ ಮಾವನಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಯಾರೂ ಹೇಳೋದು ಬೇಡ."

"ನಾಟಕ ಹಾಳಾಗತ್ತೆ ಕಣೇ!"

"ನಾಟಕ ನಾಳೆ ಮತ್ತೆ ಆಡ್ಬಹುದು ಅಕ್ಕ. ಹಾಳು ಮಾಡ್ಬಿಟ್ಟೆ ಅಂತ ಗೊತ್ತಾದ್ರೆ ಅವರು ಆ ಡಬ್ಬಿ ಇನ್ನು ಮುಟ್ಟಲ್ಲ. ಮನೆಯಿಂದ ಆಚೆ ಬರೋದೂ ಇಲ್ಲ."

ಗದ್ದಲ ತೊಟ್ಟಿಯ ಅಂಚನ್ನು ತೋರಿಸಿದ. ಅವನ ಹತ್ತಿರವಿದ್ದ ಪಿಟೀಲಿನ ಕಮಾನನ್ನು ಅದರ ಮೇಲೆ ಎಳೆದರೆ ಹೆಚ್ಚು ಕಡಿಮೆ ಅಂಥದ್ದೇ ಸದ್ದು. ಒಂದು ಸಾಮಾನಿನ ಮಾತು ಇನ್ನೊಂದರ ಬಾಯಲ್ಲಿ ಆಡಿಸುವುದು ಅಕ್ಕನಿಗೆ ಹಿಡಿಸದ ಕೆಲಸ. ಆದರೂ ಮುಖ ಗಂಟಿಕ್ಕಿಕೊಂಡೇ ಒಪ್ಪಿದಳು.

ದೀಪ ಬಂತು. ಬಾಗಿಲು ತಳ್ಳಿದೆ. ಸದ್ದಿಲ್ಲದೆ ತೆರೆದುಕೊಂಡಿತು. ಗದ್ದಲನ ಕಮಾನು ತೊಟ್ಟಿಯ ಮೇಲೆ ಜಾರಿ ಪುಸ್ ಅಂದಿತು, ಅಷ್ಟೇ. ಏಣಿಯ ಮೇಲಿದ್ದವಳು ಎತ್ತಿದ ಕಾಲು ಎತ್ತಿಕೊಂಡೇ ನಿಂತಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಅದನ್ನೂ ಅನ್ನುವ ಹಾಗಿರಲಿಲ್ಲ. ಬಾಗಿಲಿನ ಮೇಲೆ ಕೈಯಿಟ್ಟುಕೊಂಡು ಬೆವರಿದೆ.

ಮೊದಲ ಸಾಲಿನಲ್ಲಿದ್ದ ಮಾವ ನನ್ನ ಮುಖ ನೋಡಿ ಏನೋ ಎಡವಟ್ಟಾಗಿದೆ ಎಂದುಕೊಂಡು ಗಾಬರಿಯಿಂದ ಅರ್ಧ ಎದ್ದರು. ಆ ಸಭಾಂಗಣದವು ಹಳೇ ಸ್ಪ್ರಿಂಗ್ ಸೀಟುಗಳು. ಅವರದು ಕಿರ್ರ್ರೆಂದು ಅರಚಿ ಕೊನೆಗೆ ಟೊಕ್ ಅಂದಿತು. ಬಾಗಿಲಿನದಷ್ಟು ಚೆಂದವೇನಿರಲಿಲ್ಲ. ಗದ್ದಲ ಹಿಂದೆ ಮುಂದೆ ನೋಡದೆ ತಾಳ ಹಾಕಿಬಿಟ್ಟ. ಏಣಿಯ ಮೇಲಿನ ಕಾಲು ಇಳಿಯಿತು. ನನಗೆ ಹೋದ ಜೀವ ಬಂದಂತಾಯಿತು.

ಎರಡನೇ ಸಲ ಬಾಗಿಲ ಬಳಿ ಬಂದಾಗ ಮಾವನ ಕಡೆ ನೋಡಿದೆ. ತಲೆ ಒಂದು ಪಕ್ಕಕ್ಕೆ ವಾಲಿಸಿ ಕೂತಿದ್ದರು. ಕೆಟ್ಟ ಯಂತ್ರದ ಸದ್ದು ಕೇಳುವಾಗ ಹಾಗೆ ಕೂರುವುದು ಅವರ ರೂಢಿ. ಅವರಿಗೆ ಗೊತ್ತಾಗಿಹೋಗಿದೆ ಅನ್ನಿಸಿತು. ಈಗ ಎದ್ದು ಹೊರಟುಬಿಡುತ್ತಾರೆ, ಮುಗಿಯಿತು ಕಥೆ ಎಂದುಕೊಂಡು ಬಾಗಿಲು ತಳ್ಳಿದೆ. ಮಾವ ಎರಡೂ ಕೈ ಊರಿ ಮೆಲ್ಲಗೆ ಮೈ ಎತ್ತಿದರು. ಕಿರ್ರ್ರ್, ಟೊಕ್.

ಆಮೇಲೆ ಒಂದು ಸಲವೂ ತಪ್ಪಲಿಲ್ಲ. ಕೊನೆಯ ಉದ್ದನೆಯ ಕಿರುಗುಟ್ಟುವಿಕೆಗೆ ಅವರು ಪೂರ್ತಿ ಎದ್ದೇ ನಿಂತರು. ಹಿಂದಿನವರು ಇದೂ ಒಂದು ಪದ್ಧತಿ ಇರಬೇಕೆಂದುಕೊಂಡು ತಾವೂ ಎದ್ದರು. ನಾವು ತಲೆ ಬಾಗಿಸುವ ಹೊತ್ತಿಗೆ ಇಡೀ ಸಭೆ ನಿಂತಿತ್ತು.

"ಬಾಗಿಲ ಬಾಯಿ ನಾನೇ ಮುಚ್ಚಿದ್ದಲ್ವಾ?" ಎಂದು ಮಾವ ಆಮೇಲೆ ತಮ್ಮ ಸೀಟಿನ ಪಕ್ಕದಲ್ಲೇ ನಿಂತು ಕೇಳಿದರು.

"ಹೂಂ."

"ಮೊದಲೇ ಬೊಗಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ಮತ್ತೆ ಹೋಗಿ ಆ ಕಿಟಕಿ ಪಕ್ಕ ಕೂತ್ಕೋತಿದ್ರಿ." ಅನ್ನುತ್ತಿದ್ದಂತೆ ಅಳು ಬಂತು.

ಅವರು ಜೇಬಿನ ಡಬ್ಬಿಯನ್ನು ಮುಟ್ಟಿ ನೋಡಿಕೊಂಡರು. "ಎರಡನೇ ಸಲ ಒಂಚೂರು ತಡ ಆಯ್ತು ನಂದು" ಅಂದರು. ಅಷ್ಟರಲ್ಲಿ ಅಕ್ಕ ದಾಪುಗಾಲು ಹಾಕಿ ಬಂದಳು. ಬೈಗುಳಕ್ಕೆ ನಾನು ಮೈ ಕುಗ್ಗಿಸಿಕೊಂಡೆ. ಅವಳು ಮಾತಿಲ್ಲದೆ ಬಗ್ಗಿ ಆ ಸೀಟಿನ ಕೈಗೆ ಬಿಳಿ ದಾರ ಕಟ್ಟಿ, "ನಾಳೆ ಇದರ ಹತ್ರ ಡಬ್ಬಿ ತಂದ್ರೆ ನೋಡಿ" ಎಂದು ಹೋದಳು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮನೆಗೆ ಬಂದವಳೇ ನೀರು ಕುಡಿಯಲು ಅಡುಗೆಮನೆಯ ಬಾಗಿಲು ತೆಗೆದೆ. ಎಂದಿನಂತೆ ಕಿರುಗುಟ್ಟಿತು. ತಿರುಗಿ ನೋಡಿದರೆ ಮಾವ ಹಿಂದೆಯೇ ನಿಂತಿದ್ದಾರೆ, ತಲೆ ಒಂದು ಪಕ್ಕಕ್ಕೆ ವಾಲಿದೆ. ಜೇಬಿನಿಂದ ಡಬ್ಬಿ ತೆಗೆದರು. ಮೂತಿಯನ್ನು ಕೀಲಿನ ಹತ್ತಿರ ಒಯ್ದವರು ತಟ್ಟನೆ ಕೈ ಹಿಂದೆಗೆದು ನನ್ನನ್ನು ನೋಡಿದರು.

"ಇದಕ್ಕೆ ಹಾಕ್ಬಹುದಲ್ವಾ? ಇದಕ್ಕೇನೂ ಪಾರ್ಟು ಇಲ್ವಲ್ಲ?"

"ಇಲ್ಲ ಮಾವ" ಅಂದೆ. "ಹಾಕಿ."