ಗೋಡೆ ಸಾಹೇಬನ ಬಾಯ್ಲರು

ಬಾಯ್ಲರ್ ಮನೆಯಲ್ಲಿ ಚಪ್ಪಲಿ ಹಾಕಿಕೊಂಡು ನಿಂತರೆ ಮಧ್ಯಾಹ್ನದ ಹೊತ್ತಿಗೆ ಅಟ್ಟೆ ಮೆತ್ತಗಾಗುತ್ತದೆ. ಬರಿಗಾಲಲ್ಲಿ ನಿಂತರೆ ಅಂಗಾಲು ಬೇಯುತ್ತದೆ. ಅದಕ್ಕೇ ಹಳೇ ಟೈರು ಕತ್ತರಿಸಿ ತಾನೇ ಹೊಲಿದುಕೊಂಡ ಜೋಡು ಮೆಟ್ಟಿಕೊಂಡು ಅವನು ಹತ್ತೊಂಬತ್ತು ವರ್ಷ ಆ ಬೆಂಕಿಯ ಮುಂದೆ ನಿಂತಿದ್ದ. ಮುಂಗೈ ಮೇಲೆ ಒಂದು ಕೂದಲಿಲ್ಲ. ಬಲಗಿವಿ ಅರ್ಧ ಮಂದ. ಉಳಿದ ಒಂದೂವರೆ ಕಿವಿಯಲ್ಲೇ ಪಂಪಿನ ಸದ್ದು ಕೇಳಿ, "ನಾಳೆ ವಾಷರ್ ಹೋಗುತ್ತೆ, ಈಗಲೇ ತರಿಸಿಡಿ" ಎನ್ನುತ್ತಿದ್ದ. ಮಾರನೇ ದಿನ ಹೋಗುತ್ತಿತ್ತು.

ಅದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಬಣ್ಣದ ತೊಟ್ಟಿ ಕುದಿಯಲು ಹಬೆ ಬೇಕು, ಹಬೆಗೆ ಬಾಯ್ಲರು ಬೇಕು, ಬಾಯ್ಲರಿಗೆ ಅವನು ಬೇಕು. ಇನ್ನೂರು ಜನರ ಬಾಯಲ್ಲಿ ಅವನು ಬಾಯ್ಲರಣ್ಣ. ಹಾಜರಿ ಪುಸ್ತಕದಲ್ಲಿ ಮಾತ್ರ ಅವನ ಕೆಲಸ ಕಸ ಗುಡಿಸುವುದು.

ಹಾಗಾದರೆ ಬಾಯ್ಲರ್ ನಡೆಸುತ್ತಿದ್ದವರು ಯಾರು ಎಂದು ಕೇಳಬೇಡಿ. ಅವರು ಗೋಡೆಯ ಮೇಲಿದ್ದರು. ಗಾಜಿನ ಚೌಕಟ್ಟು, ಒಳಗೊಂದು ಸರ್ಟಿಫಿಕೇಟು, ಮೂಲೆಯಲ್ಲಿ ಎಣ್ಣೆ ಹಚ್ಚಿ ತಲೆ ಬಾಚಿದ ಫೋಟೋ. ಆ ಫೋಟೋದ ಯಜಮಾನರು ಡಿಪ್ಲೊಮಾ ಓದಿದವರು, ಪರೀಕ್ಷೆ ಪಾಸಾದವರು. ಎರಡು ಬೀದಿ ಆಚೆ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದರು. ಸರ್ಟಿಫಿಕೇಟನ್ನು ಕಾರ್ಖಾನೆಗೆ ಬಾಡಿಗೆ ಕೊಟ್ಟಿದ್ದರು. ಕಾನೂನಿನ ಪ್ರಕಾರ ಬಾಯ್ಲರ್ ಮುಂದೆ ಒಬ್ಬ ಪಾಸಾದ ಮನುಷ್ಯ ಇರಬೇಕು. ಇದ್ದರು, ಮೊಳೆಗೆ ತೂಗಿಕೊಂಡು. ಕೆಲಸಗಾರರು ಅವರಿಗೆ ಇಟ್ಟ ಹೆಸರು ಗೋಡೆ ಸಾಹೇಬ.

"ಸಂಬಳ ಗೋಡೆಗೆ, ಬೆವರು ನೆಲಕ್ಕೆ" ಎನ್ನುತ್ತಿದ್ದಳು ಅವನ ಅಕ್ಕ. ಅವಳು ಅದೇ ಕಾರ್ಖಾನೆಯಲ್ಲಿ ಬಟ್ಟೆ ಮಡಚುವವಳು. ತಮ್ಮನ ಹೆಂಡತಿ ತೀರಿಕೊಂಡ ಮೇಲೆ ಆ ಒಂದು ಕೋಣೆಯ ಮನೆಗೆ ಅವಳೇ ದಿಕ್ಕು.

ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಬರುವ ದಿನ ಗೋಡೆ ಸಾಹೇಬರು ಇಸ್ತ್ರಿ ಮಾಡಿದ ಖಾಕಿ ತೊಟ್ಟು ಬರುತ್ತಿದ್ದರು. ಬಾಯ್ಲರಣ್ಣನ ಕೈಗೆ ಅವತ್ತು ಪೊರಕೆ. ಇನ್‌ಸ್ಪೆಕ್ಟರು ನೋಡಬೇಕಾದಷ್ಟು ನೋಡಿ, ನೋಡಬಾರದ್ದನ್ನು ನೋಡದೆ ಸಹಿ ಹಾಕಿ ಹೋಗುತ್ತಿದ್ದರು. ಹೀಗೇ ನಡೆದಿತ್ತು ಸಂಸಾರ.

ಆ ವರ್ಷ ಸರ್ಕಾರ ಹೊಸ ನಿಯಮ ತಂದಿತು. ಸರ್ಟಿಫಿಕೇಟ್ ಇದ್ದವನೇ ಇಡೀ ದಿನ ಬಾಯ್ಲರ್ ಮುಂದೆ ಇರಬೇಕು, ಇಲ್ಲದವನು ಮುಟ್ಟುವಂತಿಲ್ಲ. ಶಾಲೆ ಓದದ ಹಳಬರಿಗೆ ಒಂದೇ ಒಂದು ಕಿಂಡಿ ಬಿಟ್ಟಿದ್ದರು: ಬಾಯಿಮಾತಿನ ಪರೀಕ್ಷೆ. ಅದಕ್ಕೆ ಕೂರಬೇಕಾದರೆ ಐದು ವರ್ಷ ಬಾಯ್ಲರ್ ನಡೆಸಿದ್ದಾನೆ ಎಂದು ಕಾರ್ಖಾನೆ ಬರೆದುಕೊಟ್ಟ ಕಾಗದ ಬೇಕು, ಸೀಲು ಸಹಿ ಸಮೇತ. ಕೊನೆಯ ದಿನಾಂಕ ಆ ಶುಕ್ರವಾರ. ಅದು ದಾಟಿದರೆ ಅವನು ಸಾಯುವ ತನಕ ಕಸ ಗುಡಿಸುವವನೇ.

ಆ ವಾರದ ಸೋಮವಾರ ಬಾಯ್ಲರಣ್ಣ ಮ್ಯಾನೇಜರ ಮುಂದೆ ನಿಂತ.

"ಸಾರ್, ಒಂದು ಕಾಗದ ಬೇಕಿತ್ತು. ನಾನು ಬಾಯ್ಲರ್ ನಡೆಸ್ತೀನಿ ಅಂತ."

"ನಡೆಸ್ತೀಯಪ್ಪಾ, ಯಾರು ಇಲ್ಲ ಅಂದ್ರು? ನಿನ್ನಂಥ ಕೆಲಸಗಾರ ದೀಪ ಹಾಕಿ ಹುಡುಕಿದ್ರೂ ಸಿಗಲ್ಲ."

"ಅದನ್ನೇ ಬರೆದುಕೊಡಿ ಸಾರ್."

ಮ್ಯಾನೇಜರು ನಕ್ಕರು. "ಬರೆದುಕೊಟ್ರೆ, ಇಷ್ಟು ವರ್ಷ ಆ ಗೋಡೆ ಮೇಲಿದ್ದೋನು ಏನ್ ಮಾಡ್ತಿದ್ದ ಅಂತ ಕೇಳ್ತಾರೆ. ಆಗ ನನ್ನ ಕುತ್ತಿಗೆಗೆ ಬರುತ್ತೆ. ನಿನ್ನ ಅನುಭವಕ್ಕೆ ನಾನು ಬೆಲೆ ಕೊಡಲ್ವಾ? ಕೊಡ್ತೀನಿ. ಕಾಗದದಲ್ಲಿ ಮಾತ್ರ ಕೇಳ್ಬೇಡ."

"ಹಂಗಾದ್ರೆ ಮುಂದಿನ ತಿಂಗಳಿಂದ?"

"ಪಾಸಾದ ಹುಡುಗ ಒಬ್ಬ ಬರ್ತಾನೆ. ನೀನೇ ಒಂದು ವಾರ ಹೇಳ್ಕೊಡು. ಆಮೇಲೆ ಹೆಂಗೂ ಪೊರಕೆ ಇದ್ದೇ ಇದೆಯಲ್ಲ."

ಅವನಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆ ಆಯಿತು, ಏಕೆ ಎಂದು ಅವನಿಗೇ ತಿಳಿಯಲಿಲ್ಲ. ತಪ್ಪು ಮಾಡಿದವರು ಕುರ್ಚಿಯಲ್ಲಿ ಕೂತಿದ್ದರು, ತಲೆ ತಗ್ಗಿಸಿ ಹೊರಬಂದವನು ಇವನು.

ಬುಧವಾರ ಇನ್‌ಸ್ಪೆಕ್ಟರು ಬಂದರು. ಖಾಕಿಯೂ ಬಂತು. ಬಾಯ್ಲರಣ್ಣ ಅಂಗಳ ಗುಡಿಸುತ್ತಿದ್ದ. ಒಳಗೆ ಇನ್‌ಸ್ಪೆಕ್ಟರು, "ಎಲ್ಲಿ, ತಳದ ಕೆಸರು ಸ್ವಲ್ಪ ಹೊರಗೆ ಬಿಡಿ ನೋಡೋಣ" ಎಂದರು. ಗೋಡೆ ಸಾಹೇಬರು ಕೆಳಗಿನ ವಾಲ್ವು ತಿರುಗಿಸಿದರು. ಕೆಂಪು ನೀರು ಭುಸ್ಸೆಂದು ಚರಂಡಿಗೆ ನುಗ್ಗಿತು. "ಭೇಷ್" ಎಂದು ಇನ್‌ಸ್ಪೆಕ್ಟರು ಮ್ಯಾನೇಜರ ಕೋಣೆಗೆ ಟೀಗೆ ಹೋದರು. ಗೋಡೆ ಸಾಹೇಬರೂ ಅವರ ಹಿಂದೆಯೇ ಹೋದರು. ವಾಲ್ವು ತೆರೆದೇ ಇತ್ತು.

ಅಂಗಳದಲ್ಲಿ ಬಾಯ್ಲರಣ್ಣನ ಪೊರಕೆ ನಿಂತಿತು. ಆ ಭುಸ್ಸೆನ್ನುವ ಸದ್ದು ಇಷ್ಟು ಹೊತ್ತಿಗೆ ನಿಲ್ಲಬೇಕಿತ್ತು. ನಿಂತಿರಲಿಲ್ಲ. ಒಳಗೆ ಓಡಿದ. ನೀರಿನ ಮಟ್ಟ ತೋರಿಸುವ ಗಾಜು ಬರಿದಾಗಿತ್ತು. ಕೆಳಗೆ ಬೆಂಕಿ ಧಗಧಗ, ಮೇಲೆ ನೀರಿಲ್ಲ.

ಅಷ್ಟರಲ್ಲಿ ನೆನಪಾಗಿ ಗೋಡೆ ಸಾಹೇಬರೂ ಓಡಿ ಬಂದರು. ಗಾಜು ನೋಡಿ ಮುಖ ಬಿಳುಚಿಕೊಂಡಿತು. ಕೈ ನೇರ ಪಂಪಿನ ಸ್ವಿಚ್ಚಿಗೆ ಹೋಯಿತು.

"ಮುಟ್ಟಬೇಡಿ!" ಬಾಯ್ಲರಣ್ಣ ಅವರ ಕೈಯನ್ನು ಹೊಡೆದು ಸರಿಸಿದ. "ಕೆಂಡದಂಗೆ ಕಾದಿದೆ. ಈಗ ತಣ್ಣೀರು ಬಿಟ್ರೆ ಸಿಡಿದು ನೀವೂ ಇಲ್ಲ ನಾನೂ ಇಲ್ಲ, ಕಾರ್ಖಾನೆ ಸೂರೂ ಇಲ್ಲ!"

"ನೀರು ಕಮ್ಮಿ ಆದ್ರೆ ನೀರು ಬಿಡಬೇಕು ತಾನೇ?"

"ಬೆಂಕಿ ತೆಗೀಬೇಕು ಸ್ವಾಮಿ, ಬೆಂಕಿ!"

ವಾಲ್ವು ಮುಚ್ಚಿದ. ಉದ್ದನೆಯ ಕಬ್ಬಿಣದ ಕೊಕ್ಕೆ ಹಿಡಿದು ಒಲೆಯ ಬಾಗಿಲು ತೆರೆದು ಉರಿಯುವ ಕಲ್ಲಿದ್ದಲನ್ನೆಲ್ಲ ನೆಲಕ್ಕೆ ಎಳೆದು ಹಾಕಿದ. ಕೆಂಡ ಕಾಲಿನ ಮೇಲೆ ಬಿತ್ತು. ಟೈರಿನ ಜೋಡು ಹೊತ್ತಿಕೊಂಡಿತು. ಅವನು ಎಳೆಯುತ್ತಲೇ ಇದ್ದ. ಹಬೆಯ ಒತ್ತಡ ತೋರಿಸುವ ಮುಳ್ಳು ನಿಧಾನವಾಗಿ ಇಳಿಯಿತು. ಪಕ್ಕದ ಶೆಡ್ಡಿನಲ್ಲಿ ಇನ್ನೂರು ಜನ ಹಬೆ ಏಕೆ ನಿಂತಿತೆಂದು ಗೊಣಗುತ್ತಿದ್ದರು. ಬದುಕಿರುವವರು ಮಾತ್ರ ಗೊಣಗುತ್ತಾರೆ.

ಹಬೆ ನಿಂತಿದ್ದರಿಂದ ಒಂದು ತೊಟ್ಟಿಯ ಬಟ್ಟೆ ಪೂರ್ತಿ ಮಚ್ಚೆ ಮಚ್ಚೆಯಾಗಿ ಹಾಳಾಯಿತು. ಯಾರು ಹೊಣೆ? ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. "ಆ ಕಸ ಗುಡಿಸೋನು ಬಂದು ಬೆಂಕಿ ಎಳೆದ" ಎಂದರು ಗೋಡೆ ಸಾಹೇಬರು. ಅದು ಸುಳ್ಳಾಗಿರಲಿಲ್ಲ ಎನ್ನುವುದೇ ಮೋಸ.

ಗುರುವಾರ ಬೆಳಿಗ್ಗೆ ಮ್ಯಾನೇಜರ ಕೋಣೆಯ ಹೊರಗೆ ಬಾಯ್ಲರಣ್ಣ ಸುಟ್ಟ ಕಾಲಿಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ. ಒಳಗೆ ಕಾರ್ಖಾನೆಯ ವಕೀಲ, ಕರಿಕೋಟು ಎಂದೇ ಹೆಸರು, ಜೋರಾಗಿ ಹೇಳುತ್ತಿದ್ದುದು ಕೇಳಿಸುತ್ತಿತ್ತು.

"ಒಂದು ದಿನದ ತಪ್ಪಿಗೆ ಕೆಲಸದಿಂದ ತೆಗೆಯೋಕಾಗಲ್ಲ ಸಾರ್. ಇವನಿಗೆ ಇದು ಹಳೇ ಚಟ ಅಂತ ತೋರಿಸ್ಬೇಕು. ಅದನ್ನ ನಂಗೆ ಬಿಡಿ, ಬಿಗಿಯಾಗಿ ಬರೀತೀನಿ."

ಮ್ಯಾನೇಜರಿಗೆ ಅವಸರ. ಓದದೆ ಸಹಿ ಹಾಕಿದರು. ಸೀಲು ಬಿತ್ತು. ಆಪಾದನಾ ಪತ್ರ ಬಾಯ್ಲರಣ್ಣನ ಕೈಗೆ ಬಂತು, ವಿಚಾರಣೆ ಮುಗಿಯುವ ತನಕ ಒಳಗೆ ಕಾಲಿಡಬೇಡ ಎಂದು ಗೇಟು ಮುಚ್ಚಿತು.

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ಅವನು. ಕಾಗದವನ್ನು ಮಡಚಿ ಹಿಡಿದುಕೊಂಡು ಸಂಜೆ ಅಕ್ಕ ಬರುವ ತನಕ ಹೊಸ್ತಿಲಲ್ಲೇ ಕೂತಿದ್ದ. ಅವಳು ಏಳನೇ ಕ್ಲಾಸು ಓದಿದವಳು. ಚೀಲ ಕೆಳಗಿಟ್ಟು, ಬೆರಳಿಟ್ಟುಕೊಂಡು ಜೋರಾಗಿ ಓದಿದಳು:

"ಕಸ ಗುಡಿಸುವ ನೌಕರನಾದ ನೀನು, ಯಾವುದೇ ವಿದ್ಯಾರ್ಹತೆ ಇಲ್ಲದೆ, ಕಳೆದ ಹತ್ತೊಂಬತ್ತು ವರ್ಷಗಳಿಂದ ಕಾರ್ಖಾನೆಯ ಬಾಯ್ಲರನ್ನು ಪ್ರತಿದಿನ ಚಾಲನೆ ಮಾಡುತ್ತಾ ಬಂದಿದ್ದು, ಮೇಲಧಿಕಾರಿಗಳು ಹಲವು ಬಾರಿ ಎಚ್ಚರಿಸಿದರೂ ಈ ದುಶ್ಚಟವನ್ನು ಬಿಟ್ಟಿರುವುದಿಲ್ಲ."

ಅಲ್ಲಿಗೆ ನಿಲ್ಲಿಸಿದಳು. ಮತ್ತೆ ಮೊದಲಿಂದ ಓದಿದಳು.

"ಲೋ ತಮ್ಮಾ, ಇದನ್ನ ಯಾರೋ ಬರೆದಿದ್ದು?"

"ಕರಿಕೋಟು."

"ಎಷ್ಟು ಓದಿದ್ದಾನೆ?"

"ಎರಡು ಡಿಗ್ರಿ ಅಂತೆ."

"ಅದಕ್ಕೇ!" ಎಂದವಳೇ ಸೆರಗು ಬಾಯಿಗೆ ಇಟ್ಟುಕೊಂಡು ನಗತೊಡಗಿದಳು. ಅವನಿಗೆ ಅಳು ಬರುವಂತಿತ್ತು.

"ನನ್ನ ಅನ್ನ ಹೋಯ್ತು, ನಿಂಗೆ ನಗು."

"ಅಯ್ಯೋ ಮಂಕೇ, ನೀನು ಕೇಳಿದ ಕಾಗದ ಕಣೋ ಇದು! ನೀನು ಬಾಯ್ಲರ್ ನಡೆಸ್ತೀಯ ಅಂತ ಬರೆದಿದೆ. ವರ್ಷ ಬರೆದಿದೆ. ಸಹಿ ಇದೆ, ಸೀಲು ಇದೆ. ಅವನು ಬೈದು ಬರೆದ್ರೇನು, ಹೊಗಳಿ ಬರೆದ್ರೇನು? ನಾಳೆ ಶುಕ್ರವಾರ. ಎದ್ದು ನಡಿ."

"ಲೈಸೆನ್ಸ್ ಇಲ್ದೆ ನಡೆಸಿದೆ ಅಂತ ನಾನೇ ಹೋಗಿ ಒಪ್ಕೊಂಡಂಗೆ ಆಗುತ್ತಲ್ಲಕ್ಕ?"

ಅಕ್ಕನ ನಗು ನಿಂತಿತು. "ಆಗುತ್ತೆ" ಎಂದಳು. ಕಾಗದವನ್ನು ಮತ್ತೆ ಮಡಚಿ ಅವನ ಕೈಗೇ ಕೊಟ್ಟಳು.

ಶುಕ್ರವಾರ ಅರ್ಜಿ ತೆಗೆದುಕೊಳ್ಳುವ ಸರ್ಕಾರಿ ಬಾಯ್ಲರ್ ಆಫೀಸಿನ ಮುಂದೆ ಸಾಲು ರಸ್ತೆಯ ತನಕ ಬಂದಿತ್ತು. ಎಲ್ಲರೂ ಐವತ್ತರ ಆಸುಪಾಸಿನವರು, ಎಲ್ಲರ ಮುಂಗೈಯೂ ಬೋಳು. ಒಬ್ಬ ರಬ್ಬರ್ ಕಾರ್ಖಾನೆಯವನು, ಇನ್ನೊಬ್ಬ ಆಸ್ಪತ್ರೆಯ ಲಾಂಡ್ರಿಯವನು. ಒಬ್ಬೊಬ್ಬರೇ ಕಿಟಕಿಯ ತನಕ ಹೋಗಿ ಜೋಲುಮುಖ ಹಾಕಿಕೊಂಡು ತಿರುಗಿ ಬರುತ್ತಿದ್ದರು. ಅನುಭವ ಇತ್ತು, ಕಾಗದ ಇರಲಿಲ್ಲ. ಅವರ ಕಾರ್ಖಾನೆಗಳಲ್ಲೂ ಒಂದೊಂದು ಗೋಡೆ ಇತ್ತು.

ಬಾಯ್ಲರಣ್ಣ ಕುಂಟುತ್ತಾ ಹೋಗಿ ಪತ್ರ ಕೊಟ್ಟ. ಕಿಟಕಿಯೊಳಗಿನ ಗುಮಾಸ್ತೆ ಕನ್ನಡಕ ಮೇಲೇರಿಸಿಕೊಂಡು ಓದಿದರು.

"ಏನಪ್ಪಾ ಇದು? ಇದು ಆಪಾದನಾ ಪತ್ರ."

"ಹೌದು ತಾಯಿ. ನೀವು ಕೇಳಿದ್ದೆಲ್ಲ ಅದರಲ್ಲಿದೆ."

ಆಕೆ ಮತ್ತೆ ಓದಿದರು. ಅರ್ಜಿಯ ನಿಯಮ ತೆಗೆದು ನೋಡಿದರು. ದನಿ ತಗ್ಗಿಸಿದರು. "ನೋಡಿ, ಕಾರ್ಖಾನೆಯ ಸೀಲಿದೆ, ನಾನು ಇಲ್ಲ ಅನ್ನೋಕಾಗಲ್ಲ. ಆದ್ರೆ ಇದನ್ನ ತಗೊಂಡ್ರೆ ನಿಮ್ಮ ಮೇಲೇ ಕೇಸಾಗುತ್ತೆ. ಪರೀಕ್ಷೆಗೂ ಕರೀತಾರೆ, ಕೋರ್ಟಿಗೂ ಕರೀತಾರೆ. ವಾಪಸ್ ತಗೊಳ್ಳಿ. ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ."

ಮುಂದೆ ಹೋದರೆ ಹಳ್ಳ, ಹಿಂದೆ ಬಂದರೆ ಕೊಳ್ಳ. ಆಕೆ ಹಿಂದಕ್ಕೆ ಚಾಚಿದ ಪತ್ರವನ್ನು ಅವನು ಕಿಟಕಿಯೊಳಕ್ಕೇ ತಳ್ಳಿದ.

"ಕೇಸು ಹಾಕಲಿ ತಾಯಿ. ಕೋರ್ಟಲ್ಲಿ ಕೆಲ್ಸ ಏನು ಅಂತ ಕೇಳ್ತಾರಲ್ಲ, ಅಲ್ಲಾದ್ರೂ ಸರಿಯಾಗಿ ಬರ್ಕೊಳ್ಳಲಿ. ಹತ್ತೊಂಬತ್ತು ವರ್ಷ ಗೋಡೆ ಮೇಲಿದ್ದೋರನ್ನೂ ಕರೀಲಿ. ಪಕ್ಕದಲ್ಲಿ ನಿಂತ್ಕೋತೀನಿ."

ಗುಮಾಸ್ತೆ ಅವನ ಮುಖವನ್ನೊಮ್ಮೆ ನೋಡಿ ಅರ್ಜಿಗೆ ಸೀಲು ಒತ್ತಿದರು.

ಹಿಂದೆ ನಿಂತಿದ್ದ ಲಾಂಡ್ರಿಯವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಹಿಂದಿನವನೂ ಕೇಳಿಸಿಕೊಂಡಿದ್ದ. ಸಾಲು ಮುಂದಕ್ಕೆ ಬಾಗಿತ್ತು.

"ಅಣ್ಣಾ," ಎಂದ ಲಾಂಡ್ರಿಯವನು, "ಇಪ್ಪತ್ತಮೂರು ವರ್ಷದಿಂದ ಕೇಳ್ತಿದೀನಿ, ನಂಗೆ ಒಂದು ಸಾಲು ಬರೆದುಕೊಟ್ಟಿಲ್ಲ. ನಿಂಗೆ ಹೆಂಗೆ ಕೊಟ್ರು?"

ಬಾಯ್ಲರಣ್ಣ ರಸೀದಿಯನ್ನು ಜೇಬಿಗೆ ಹಾಕಿಕೊಂಡು ಸಾಲಿನ ಕಡೆ ತಿರುಗಿದ.

"ಬೆಂಕಿ ಎಳೆದು ಹಾಕು," ಎಂದ. "ಮಾರನೇ ದಿನವೇ ಬರೆದುಕೊಡ್ತಾರೆ."